ವೈದ್ಯಕೀಯ ಪ್ರಯೋಗಾಲಯಗಳ ಸುರಕ್ಷತೆ ಮತ್ತು ಅಪಾಯ ನಿಯಂತ್ರಣ: ಗ್ರಾಮ ಪಂಚಾಯತಿ ಸದಸ್ಯರಿಗೊಂದು ಪಾಠ



ಪ್ರಯೋಗಾಲಯದ ಸುರಕ್ಷತೆ ಎಂದೊಡನೆ ಅದು ವೈದ್ಯರಿಗೂ ತಂತ್ರಜ್ಞರಿಗೂ ಸೇರಿದ ವಿಷಯ, ಪಂಚಾಯತಿಗೂ ಅದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಮುಂಡರಗಿ ತಾಲ್ಲೂಕಿನಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾಗಿ ಕೆಲಸ ಮಾಡುತ್ತಿರುವ ನನಗೂ ಮೊದಲು ಹಾಗೆಯೇ ಅನಿಸಿತ್ತು. ನಾನು ಓದಿದ್ದು ಇಂಜಿನಿಯರಿಂಗ್. ಚರಂಡಿ, ಸಿ.ಸಿ. ರಸ್ತೆ, ನೀರಿನ ಟ್ಯಾಂಕುಗಳ ಲೆಕ್ಕ ತಿಳಿದಿತ್ತೇ ಹೊರತು ರಕ್ತಪರೀಕ್ಷೆಯ ಕೋಣೆಯೊಳಗಿನ ಲೆಕ್ಕ ತಿಳಿದಿರಲಿಲ್ಲ. ಅದನ್ನು ಕಲಿಸಿದವರು ನಮ್ಮ ಸ್ವಚ್ಛ ಸಂಕೀರ್ಣದಲ್ಲಿ ಒಣಕಸ ವಿಂಗಡಿಸುವ ಒಬ್ಬ ಅಕ್ಕ.

1. ನಡೆದ ಸಂಗತಿ

ಒಂದು ಸಂಜೆ ಸ್ವಚ್ಛ ವಾಹಿನಿಯ ಚಾಲಕಿ ಕಚೇರಿಗೆ ಬಂದು, ಹಿಂದಿನ ದಿನ ವಿಂಗಡಣೆ ಮಾಡುವಾಗ ಆ ಅಕ್ಕನ ಬೆರಳಿಗೆ ಸೂಜಿ ಚುಚ್ಚಿದೆ ಎಂದು ತಿಳಿಸಿದರು. ಕರೆದು ಕೇಳಿದಾಗ ಅಕ್ಕ ನಗುತ್ತಲೇ, "ಏನಿಲ್ಲ ಬಿಡ್ರಿ ಸಾಹೇಬ್ರ, ಜಾಲಿಮುಳ್ಳು ಚುಚ್ಚಿಧಂಗ ಆತ್ರಿ ಅಷ್ಟ" ಎಂದರು. ಕಸದ ಚೀಲವನ್ನು ಬಿಚ್ಚಿಸಿ ನೋಡಿದೆವು. ನೇರಳೆ ಮುಚ್ಚಳದ ರಕ್ತದ ನಳಿಕೆಗಳು, ಹತ್ತಿ, ಸೂಜಿ ಸಹಿತವಾದ ಸಿರಿಂಜುಗಳು ಅದರಲ್ಲಿದ್ದವು. ಅದು ಮನೆಯ ಕಸವಾಗಿರಲಿಲ್ಲ, ರಕ್ತಪರೀಕ್ಷೆ ಮಾಡುವ ಸ್ಥಳವೊಂದರಿಂದ ಬಂದ ಕಸವಾಗಿತ್ತು.

ಕೂಡಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಚುಚ್ಚಿ ಎಷ್ಟು ಗಂಟೆ ಆಯಿತು?" ಮೂವತ್ತು ಗಂಟೆ ಮೀರಿತ್ತು. ಎಚ್.ಐ.ವಿ. ತಡೆಯುವ ಔಷಧವನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಪ್ಪಿದರೆ 72 ಗಂಟೆಯೊಳಗೆ ಆರಂಭಿಸಬೇಕು, ಆನಂತರ ಅದರಿಂದ ಪ್ರಯೋಜನವಿಲ್ಲ ಎಂಬುದನ್ನು ಅಂದೇ ನಾನು ತಿಳಿದದ್ದು. ಅವರಿಗೆ 28 ದಿನಗಳ ಔಷಧ, ಕಾಮಾಲೆ ಬಿ ಲಸಿಕೆ ಹಾಗೂ ಆರು ತಿಂಗಳವರೆಗಿನ ಪರೀಕ್ಷೆಗಳು ನಿಗದಿಯಾದವು. ಕೊನೆಯ ಪರೀಕ್ಷೆಯ ವರದಿಯಲ್ಲಿ ಸೋಂಕಿಲ್ಲವೆಂದು ಬರುವವರೆಗೆ ಆ ಮನೆಯವರು ಕಳೆದ ಆರು ತಿಂಗಳು ಯಾವ ಕಡತದಲ್ಲಿಯೂ ದಾಖಲಾಗಿಲ್ಲ.

ಒಂದು ದಿನ ತಡಮಾಡಿದ್ದು ಏಕೆಂದು ಕೇಳಿದಾಗ ಬಂದ ಉತ್ತರ ಸರಳವಾಗಿತ್ತು: ಹೇಳಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದಾರೆಂಬ ಭಯ. ನನ್ನ ಲೋಪವೂ ಇದರಲ್ಲಿದೆ. "ಕೈಗವಸು ವಿತರಿಸಲಾಗಿದೆ" ಎಂಬ ಟಿಪ್ಪಣಿಗೆ ನಾನೇ ಸಹಿ ಮಾಡಿದ್ದೆ. ಅವು ತೆಳು ರಬ್ಬರಿನವು, ಸೂಜಿಯನ್ನು ತಡೆಯುವಂಥವಲ್ಲ. ಗಾಯವಾದರೆ ಯಾರಿಗೆ ತಿಳಿಸಬೇಕೆಂಬ ಒಂದು ಸಾಲೂ ಘಟಕದ ಗೋಡೆಯ ಮೇಲಿರಲಿಲ್ಲ.

2. ಅಪಾಯವು ಪ್ರಯೋಗಾಲಯದ ಬಾಗಿಲಲ್ಲಿ ನಿಲ್ಲುವುದಿಲ್ಲ

ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿದವು, ಜನರೂ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಹೊಸದೊಂದು ವೈರಸ್ಸನ್ನು ಗುರುತಿಸಿದರು. ಅದನ್ನೇ ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಕಾಡಿನಲ್ಲಿ ಇದು ಉಣ್ಣಿಗಳ ಕಡಿತದಿಂದ ಹರಡುತ್ತದೆ. ಆದರೆ ಕಾಡಿಗೆ ಹೋಗದೆ, ಉಣ್ಣಿ ಕಡಿಯದೆ, ಪ್ರಯೋಗಾಲಯದಲ್ಲಿ ಆ ವೈರಸ್ಸಿನೊಡನೆ ಕೆಲಸ ಮಾಡಿದ ಸಿಬ್ಬಂದಿಯೂ ಈ ಕಾಯಿಲೆಗೆ ತುತ್ತಾದರು. ಮಾದರಿಯನ್ನು ಅಲುಗಾಡಿಸಿದಾಗ, ಸುರಿದಾಗ, ತಿರುಗಿಸಿದಾಗ ಏಳುವ ಕಣ್ಣಿಗೆ ಕಾಣದ ತುಂತುರು ಉಸಿರಿನೊಡನೆ ಒಳಸೇರುವುದು ಇಂತಹ ಸೋಂಕಿನ ಮುಖ್ಯ ದಾರಿ. ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅತಿ ಅಪಾಯಕಾರಿ ರೋಗಾಣುಗಳಿಗಾಗಿ ಅಲ್ಲಿ 2012ರ ಡಿಸೆಂಬರಿನಲ್ಲಿ ನಾಲ್ಕನೇ ಹಂತದ, ಅಂದರೆ ಗರಿಷ್ಠ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಉದ್ಘಾಟನೆಯಾಯಿತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಘಟನೆಯನ್ನೂ ಇಲ್ಲಿ ನೆನೆಯಬೇಕು. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಿಡುಬಿನ ಪ್ರಯೋಗಾಲಯವಿತ್ತು. ಅದರ ಮೇಲಂತಸ್ತಿನಲ್ಲಿ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕಿ ಜಾನೆಟ್ ಪಾರ್ಕರ್ 1978ರ ಆಗಸ್ಟಿನಲ್ಲಿ ಸಿಡುಬಿಗೆ ತುತ್ತಾಗಿ ಸೆಪ್ಟೆಂಬರ್ 11ರಂದು ತೀರಿಕೊಂಡರು. ಜಗತ್ತಿನಲ್ಲಿ ಸಿಡುಬಿನಿಂದ ಸತ್ತ ಕೊನೆಯ ವ್ಯಕ್ತಿ ಅವರೇ. ಅವರು ಸಿಡುಬಿನ ಪ್ರಯೋಗಾಲಯದ ಸಿಬ್ಬಂದಿಯಾಗಿರಲಿಲ್ಲ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಡುಬು ಇಲ್ಲ, ನಿಜ. ಆದರೆ ಕ್ಷಯರೋಗಿಯ ಕಫ, ಕಾಮಾಲೆ ರೋಗಿಯ ರಕ್ತ, ಬಳಸಿದ ಸೂಜಿ, ಗಂಧಕಾಮ್ಲದ ಶೀಶೆ ಇವೆ. ಪಾಠ ಒಂದೇ: ಒಳಗಿನ ಅಜಾಗರೂಕತೆಯ ಬೆಲೆಯನ್ನು ಹೊರಗಿನವರೂ ತೆರಬೇಕಾದೀತು.

3. ಅಪಾಯಗಳು ಯಾವುವು?

ರಕ್ತದಿಂದ: ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದಾಗ, ಲಸಿಕೆ ಪಡೆಯದವರಿಗೆ ಕಾಮಾಲೆ ಬಿ ತಗಲುವ ಸಂಭವ 100ಕ್ಕೆ 30ರವರೆಗೂ ಇರಬಹುದು. ಎಚ್.ಐ.ವಿ. ತಗಲುವ ಸಂಭವ 1000ಕ್ಕೆ ಸುಮಾರು 3. ಜನರು ಹೆಚ್ಚು ಹೆದರುವುದು ಎಚ್.ಐ.ವಿ.ಗೆ, ಸುಲಭವಾಗಿ ತಗಲುವುದು ಕಾಮಾಲೆ ಬಿ. ಒಣಗಿದ ರಕ್ತದಲ್ಲಿಯೂ ಇದರ ವೈರಸ್ 7 ದಿನಗಳಷ್ಟು ಉಳಿಯಬಲ್ಲದು. ಇದಕ್ಕೆ ಪರಿಣಾಮಕಾರಿ ಲಸಿಕೆ ಇದೆ: ಮೊದಲ ಡೋಸಿನ ನಂತರ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಉಸಿರಿನಿಂದ: ಕ್ಷಯ ಪರೀಕ್ಷೆಗೆ ಕಫವನ್ನು ತೆರೆದ ಬಯಲಿನಲ್ಲಿ, ಇತರರಿಂದ ದೂರದಲ್ಲಿ ಪಡೆಯಬೇಕು. ಮಳೆ ಅಥವಾ ಬಿಸಿಲಿನ ನೆಪದಲ್ಲಿ ಪ್ರಯೋಗಾಲಯದೊಳಗೆ ಇಲ್ಲವೆ ರೋಗಿಗಳು ಕಾಯುವ ಪಡಸಾಲೆಯಲ್ಲಿ ಕೆಮ್ಮಿಸಬಾರದು.

ರಾಸಾಯನಿಕದಿಂದ: ಕಫದ ಲೇಪಕ್ಕೆ ಬಣ್ಣ ಹಾಕಲು ಫಿನಾಲ್ ಹಾಗೂ ಗಂಧಕಾಮ್ಲ, ಮಲೇರಿಯಾದ ರಕ್ತಲೇಪಕ್ಕೆ ಮೆಥನಾಲ್ ಬಳಸುತ್ತಾರೆ. ಮೆಥನಾಲ್ ಬೇಗ ಹೊತ್ತಿಕೊಳ್ಳುತ್ತದೆ, ಕುಡಿದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಆಮ್ಲವನ್ನು ನೀರಿಗೆ ನಿಧಾನವಾಗಿ ಬೆರೆಸಬೇಕು, ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು. ಬ್ಲೀಚಿಂಗ್ ಪುಡಿಗೆ ಆಮ್ಲ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಶೌಚಾಲಯ ತೊಳೆಯುವ ಆಮ್ಲವೂ ಇದಕ್ಕೆ ಹೊರತಲ್ಲ.

ಯಂತ್ರ ಮತ್ತು ವಿದ್ಯುತ್ತಿನಿಂದ: ರಕ್ತದ ನಳಿಕೆಗಳನ್ನು ತಿರುಗಿಸುವ ಯಂತ್ರದಲ್ಲಿ ಎದುರುಬದುರು ಸಮತೂಕದ ನಳಿಕೆಗಳಿರಬೇಕು, ಪೂರ್ಣವಾಗಿ ನಿಂತ ಮೇಲೆಯೇ ಮುಚ್ಚಳ ತೆರೆಯಬೇಕು. ಒಳಗೆ ನಳಿಕೆ ಒಡೆದರೆ ತುಂತುರು ಇಳಿಯುವವರೆಗೆ, ಅಂದರೆ 30 ನಿಮಿಷ, ತೆರೆಯಬಾರದು. ನಮ್ಮ ಭಾಗದ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದಂತೆ. ಗುಂಡಿಗೆ ನೀರು ಹಾಕಿಸುವುದು ಖರ್ಚಿಲ್ಲದ ಸುರಕ್ಷತೆ.

4. ನಿಯಂತ್ರಣದ ಐದು ಮೆಟ್ಟಿಲುಗಳು

ಇಂಜಿನಿಯರಿಂಗಿನಲ್ಲಿ ಅಪಾಯ ನಿಯಂತ್ರಣಕ್ಕೆ ಐದು ಮೆಟ್ಟಿಲುಗಳನ್ನು ಹೇಳುತ್ತಾರೆ. ಮೇಲಿನ ಮೆಟ್ಟಿಲು ಹೆಚ್ಚು ಬಲವುಳ್ಳದ್ದು.

ಮೊದಲನೆಯದು ನಿವಾರಣೆ: ಅನಗತ್ಯ ಚುಚ್ಚುಮದ್ದು, ಅನಗತ್ಯ ಪರೀಕ್ಷೆ ಇಲ್ಲದಿದ್ದರೆ ಆ ಸೂಜಿಯೇ ಇರುವುದಿಲ್ಲ. ಎರಡನೆಯದು ಬದಲಿ: ಗಾಜಿನ ನಳಿಕೆಗೆ ಬದಲು ಪ್ಲಾಸ್ಟಿಕ್ ನಳಿಕೆ, ಪಾದರಸದ ಉಪಕರಣಕ್ಕೆ ಬದಲು ಡಿಜಿಟಲ್ ಉಪಕರಣ. ಮೂರನೆಯದು ವ್ಯವಸ್ಥೆ: ಸೂಜಿ ಕತ್ತರಿಸುವ ಯಂತ್ರ, ಚುಚ್ಚಿದರೂ ತೂತಾಗದ ಡಬ್ಬಿ, ಗಾಳಿಯಾಡುವ ಕೋಣೆ, ಮೊಣಕೈಯಿಂದ ತೆರೆಯುವ ನಲ್ಲಿ. ನಾಲ್ಕನೆಯದು ನಿಯಮ: ತರಬೇತಿ, ಲಸಿಕೆ, ಅಪಘಾತದ ದಾಖಲೆ, ಸೂಜಿಗೆ ಮತ್ತೆ ಟೋಪಿ ಹಾಕದಿರುವುದು, ಔಷಧದ ಫ್ರಿಜ್ಜಿನಲ್ಲಿ ಊಟದ ಡಬ್ಬಿ ಇಡದಿರುವುದು. ಐದನೆಯದು ರಕ್ಷಣಾ ಉಡುಪು: ಕೈಗವಸು, ಮುಖಗವಸು, ಕನ್ನಡಕ, ಮುಚ್ಚಿದ ಪಾದರಕ್ಷೆ.

ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಐದನೆಯ ಮೆಟ್ಟಿಲಿನಿಂದ ಆರಂಭಿಸಿ ಅಲ್ಲಿಯೇ ನಿಲ್ಲುವುದು. ಕೈಗವಸು ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ನಮ್ಮ ಘಟಕದಲ್ಲಿ ಆದದ್ದೂ ಅದೇ. ಸೂಜಿಯು ಹುಟ್ಟಿದ ಕೋಣೆಯಲ್ಲಿಯೇ ಬಿಳಿ ಡಬ್ಬಿಗೆ ಬಿದ್ದಿದ್ದರೆ ಆ ಅಕ್ಕನ ಕೈಗವಸಿನ ದಪ್ಪವನ್ನು ಯಾರೂ ಲೆಕ್ಕ ಹಾಕಬೇಕಾಗಿರಲಿಲ್ಲ.

5. ಕಾನೂನು ಏನು ಹೇಳುತ್ತದೆ?

ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಆಸ್ಪತ್ರೆಗಳಿಗೆ ಮಾತ್ರವಲ್ಲ, ಚಿಕ್ಕ ರಕ್ತಪರೀಕ್ಷಾ ಕೇಂದ್ರಕ್ಕೂ, ಲಸಿಕಾ ಶಿಬಿರಕ್ಕೂ, ರಕ್ತದಾನ ಶಿಬಿರಕ್ಕೂ ಅನ್ವಯಿಸುತ್ತವೆ. ಆದ್ದರಿಂದ ಪಂಚಾಯತಿ ಆವರಣದಲ್ಲಿ ಶಿಬಿರ ನಡೆದಾಗ, ಸಂಜೆ ಆ ಸೂಜಿಗಳು ಎಲ್ಲಿಗೆ ಹೋದವೆಂದು ಕೇಳುವುದು ನಮ್ಮ ಕೆಲಸ.

ಬಣ್ಣಗಳನ್ನು ನೆನಪಿಡಿ. ಹಳದಿ ಚೀಲಕ್ಕೆ ರಕ್ತ ಹತ್ತಿದ ಹತ್ತಿ, ಬಟ್ಟೆ, ಅವಧಿ ಮೀರಿದ ಔಷಧ. ಕೆಂಪು ಚೀಲಕ್ಕೆ ಸೂಜಿ ತೆಗೆದ ಸಿರಿಂಜು, ಪ್ಲಾಸ್ಟಿಕ್ ನಳಿಕೆ, ಕೈಗವಸು. ಬಿಳಿ ಗಟ್ಟಿ ಡಬ್ಬಿಗೆ ಸೂಜಿ, ಬ್ಲೇಡು. ನೀಲಿ ಡಬ್ಬಿಗೆ ಗಾಜು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಪ್ರಯೋಗಾಲಯದ ಸೂಕ್ಷ್ಮಾಣು ತ್ಯಾಜ್ಯ ಹಾಗೂ ರಕ್ತದ ಮಾದರಿಗಳನ್ನು ಅಲ್ಲಿಯೇ ನಂಜು ಕಳೆದು ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಒಪ್ಪಿಸಬೇಕು. ತ್ಯಾಜ್ಯ ನಿರ್ವಹಿಸುವ ಸಿಬ್ಬಂದಿಗೆ ಕಾಮಾಲೆ ಬಿ ಹಾಗೂ ಧನುರ್ವಾಯು ಲಸಿಕೆ ಕೊಡಿಸುವುದು ಸಂಸ್ಥೆಯ ಹೊಣೆ.

ಇದೇ ನಿಯಮಗಳಂತೆ ಗ್ರಾಮ ಪಂಚಾಯತಿಯು ಆರೋಗ್ಯ ಸಂಸ್ಥೆಗಳಿಂದ ಸಂಗ್ರಹಿಸಬೇಕಾದದ್ದು ಸಾಮಾನ್ಯ ಕಸವನ್ನು ಮಾತ್ರ. ವೈದ್ಯಕೀಯ ತ್ಯಾಜ್ಯ ಬೆರೆತ ಚೀಲವನ್ನು ನಮ್ಮ ವಾಹನ ಎತ್ತಬಾರದು. ಖಾಸಗಿ ರಕ್ತಪರೀಕ್ಷಾ ಕೇಂದ್ರಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ನೋಂದಣಿ ಪಡೆದಿರಬೇಕು.

6. ಪಂಚಾಯತಿಯದ್ದೇ ಚಿಕ್ಕ ಪ್ರಯೋಗಾಲಯ

ಮುಂಡರಗಿ ತಾಲ್ಲೂಕಿನ ಅನೇಕ ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ನಮಗೆಲ್ಲ ತಿಳಿದ ಸಂಗತಿ. ಅದನ್ನು ಪರೀಕ್ಷಿಸಲು ಜಲ ಜೀವನ ಮಿಷನ್ ಅಡಿ ಗ್ರಾಮದ ಮಹಿಳೆಯರಿಗೆ ತರಬೇತಿ ನೀಡಿ ಪರೀಕ್ಷಾ ಕಿಟ್ ಕೊಡಲಾಗಿದೆ. ಆ ಪೆಟ್ಟಿಗೆಯೂ ಒಂದು ಪ್ರಯೋಗಾಲಯವೇ. ಅದರ ದ್ರಾವಣಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು, ಅಂಗನವಾಡಿಯ ಆಹಾರ ಸಾಮಗ್ರಿಯ ಪಕ್ಕದಲ್ಲಿ ಇಡಬಾರದು. ಬ್ಯಾಕ್ಟೀರಿಯಾ ಪರೀಕ್ಷೆಯ ಶೀಶೆ ಕಪ್ಪಾದರೆ ಅದರೊಳಗೆ ಬ್ಯಾಕ್ಟೀರಿಯಾಗಳು ಅಪಾರವಾಗಿ ಬೆಳೆದಿವೆ ಎಂದರ್ಥ. ಅದನ್ನು ಹಾಗೆಯೇ ಚರಂಡಿಗೆ ಚೆಲ್ಲದೆ, ಬ್ಲೀಚಿಂಗ್ ದ್ರಾವಣ ಬೆರೆಸಿ 30 ನಿಮಿಷ ಬಿಟ್ಟು ವಿಲೇವಾರಿ ಮಾಡಬೇಕು.

ಶೇ. 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯ ಸುಮಾರು 33 ಗ್ರಾಂ ಅನ್ನು ಒಂದು ಲೀಟರ್ ನೀರಿಗೆ ಬೆರೆಸಿದರೆ ಶೇ. 1ರ ದ್ರಾವಣವಾಗುತ್ತದೆ. ಚೆಲ್ಲಿದ ರಕ್ತದ ಮೇಲೂ ಇದನ್ನೇ ಹಾಕಬೇಕು. ಪ್ರತಿದಿನ ಹೊಸದಾಗಿ ತಯಾರಿಸಿ, ನಿನ್ನೆಯದಕ್ಕೆ ಬಲವಿರುವುದಿಲ್ಲ.

7. ಸೂಜಿ ಚುಚ್ಚಿದಾಗ

ಗಾಯವನ್ನು ಹರಿಯುವ ನೀರು ಹಾಗೂ ಸಾಬೂನಿನಿಂದ ತೊಳೆಯಬೇಕು. ಹಿಂಡಬಾರದು, ಬಾಯಿಗೆ ಹಾಕಿಕೊಳ್ಳಬಾರದು, ಸುಣ್ಣ, ಅರಿಶಿನ, ಬ್ಲೀಚಿಂಗ್ ಹಚ್ಚಬಾರದು. ಕಣ್ಣಿಗೆ ಸಿಡಿದಿದ್ದರೆ ಶುದ್ಧ ನೀರಿನಿಂದ ತೊಳೆಯಬೇಕು. ಸಮಯವನ್ನು ಬರೆದಿಟ್ಟುಕೊಂಡು ಕೂಡಲೇ ವೈದ್ಯಾಧಿಕಾರಿಯನ್ನು ಕಾಣಬೇಕು. ಚುಚ್ಚಿಸಿಕೊಂಡವರ ಹೆಸರನ್ನಾಗಲಿ ಪರೀಕ್ಷೆಯ ಫಲಿತಾಂಶವನ್ನಾಗಲಿ ಊರಿನಲ್ಲಿ ಆಡಬಾರದು. ಯಾರದೇ ಎಚ್.ಐ.ವಿ. ವಿವರವನ್ನು ಬಹಿರಂಗಪಡಿಸುವುದನ್ನು 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ ನಿರ್ಬಂಧಿಸುತ್ತದೆ.

8. ಸದಸ್ಯರು ಮಾಡಬಹುದಾದದ್ದು

ಪ್ರಯೋಗಾಲಯಕ್ಕೆ ಭೇಟಿ ನೀಡುವಾಗ ತನಿಖಾಧಿಕಾರಿಯಂತೆ ಹೋಗಬೇಡಿ, ವೈದ್ಯಾಧಿಕಾರಿಗಳಿಗೆ ಮುಂಚಿತವಾಗಿ ತಿಳಿಸಿ ಹೋಗಿ. ಕೆಲಸದ ಮೇಜಿನ ಬಳಿ ನಿಲ್ಲುವುದಾಗಲಿ ರೋಗಿಗಳ ವಹಿ ನೋಡುವುದಾಗಲಿ ಬೇಡ. ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ಕೈತೊಳೆಯಲು ದಿನವಿಡೀ ನೀರು ಬರುತ್ತಿದೆಯೇ? ಬಿಳಿ ಡಬ್ಬಿ ಇದೆಯೇ? ತ್ಯಾಜ್ಯದ ವಾಹನ ಕೊನೆಯ ಬಾರಿ ಬಂದದ್ದು ಯಾವಾಗ? ತಂತ್ರಜ್ಞರಿಗೂ ಸ್ವಚ್ಛತಾ ಸಿಬ್ಬಂದಿಗೂ ಮೂರು ಡೋಸ್ ಲಸಿಕೆ ಪೂರ್ಣವಾಗಿದೆಯೇ? ಬೆಂಕಿ ನಂದಿಸುವ ಸಿಲಿಂಡರಿನ ಅವಧಿ ಮುಗಿದಿಲ್ಲವೇ? ಪಂಚಾಯತಿಯಿಂದ ಏನು ಬೇಕು? ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಒಂದು ನಲ್ಲಿಯ ಸಂಪರ್ಕ, ಒಂದು ಕಿಟಕಿಯ ಜಾಳಿಗೆ, ಕಫ ಸಂಗ್ರಹಕ್ಕೆ ಹೊರಗಡೆ ಒಂದು ನೆರಳು ನಮ್ಮ ಕೈಯಳತೆಯ ಕೆಲಸಗಳೇ.

ಸಾಮಾನ್ಯ ಸಭೆಯಲ್ಲಿ ಅಥವಾ ಸೌಕರ್ಯ ಸಮಿತಿಯಲ್ಲಿ ಈ ನಾಲ್ಕು ವಿಷಯಗಳನ್ನು ಚರ್ಚಿಸಿ ನಿರ್ಣಯಿಸಲು ಕೋರಿದೆ.

ಒಂದು, ಸ್ವಚ್ಛ ವಾಹಿನಿ ಹಾಗೂ ಸ್ವಚ್ಛ ಸಂಕೀರ್ಣದ ಎಲ್ಲ ಸಿಬ್ಬಂದಿಗೆ ಆರೋಗ್ಯ ಇಲಾಖೆಯ ಸಹಯೋಗದಲ್ಲಿ ಕಾಮಾಲೆ ಬಿ ಹಾಗೂ ಧನುರ್ವಾಯು ಲಸಿಕೆ.

ಎರಡು, ದಪ್ಪ ಕೈಗವಸು ಹಾಗೂ ಬೂಟು, ಕಸವನ್ನು ಕೈಯಿಂದ ಕೆದಕದೆ ಎತ್ತಲು ಚಿಮಟಿಗೆ.

ಮೂರು, ವ್ಯಾಪ್ತಿಯ ಎಲ್ಲ ಚಿಕಿತ್ಸಾಲಯ ಹಾಗೂ ರಕ್ತಪರೀಕ್ಷಾ ಕೇಂದ್ರಗಳಿಗೆ ತ್ಯಾಜ್ಯ ವಿಂಗಡಣೆಯ ಸೂಚನಾ ಪತ್ರ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಚ್ಚಿ ಪ್ರತ್ಯೇಕವಾಗಿ ಕೊಡುವಂತೆ ತಿಳಿವಳಿಕೆ.

ನಾಲ್ಕು, ಘಟಕದಲ್ಲಿ ಗಾಯದ ವಹಿ, ಹಾಗೂ ಗಾಯವನ್ನು ವರದಿ ಮಾಡಿದ ಕಾರಣಕ್ಕೆ ಯಾರ ಕೆಲಸವೂ ಹೋಗದು, ಆಸ್ಪತ್ರೆಗೆ ಹೋದ ದಿನದ ಕೂಲಿ ಕಡಿತವಾಗದು ಎಂಬ ಲಿಖಿತ ನಿರ್ಣಯ.

ಮೊದಲ ಮೂರಕ್ಕೆ ಹಣ ಇಲ್ಲವೆ ಸಮಯ ಬೇಕು. ನಾಲ್ಕನೆಯದಕ್ಕೆ ಬೇಕಾದದ್ದು ಸಭೆಯ ಒಪ್ಪಿಗೆ ಮಾತ್ರ. ನಮ್ಮ ಪಂಚಾಯತಿಯಲ್ಲಿ ಆ ನಿರ್ಣಯವನ್ನು ಓದಿ ಹೇಳಿದ ದಿನ ಆ ಅಕ್ಕ ಕೇಳಿದ್ದು ಒಂದೇ ಮಾತು: "ಇದನ್ನ ಗ್ವಾಡಿ ಮ್ಯಾಲ ಬರಸ್ರಿ ಸಾಹೇಬ್ರ, ಹೊಸದಾಗಿ ಬಂದೋರಿಗೂ ಗೊತ್ತಾಗ್ಲಿ." ಬರೆಸಿದ್ದೇವೆ. ತಮ್ಮ ಪಂಚಾಯತಿಯ ಗೋಡೆಯ ಮೇಲೂ ಅದು ಬರಲಿ ಎಂಬುದು ಈ ಪಾಠದ ಉದ್ದೇಶ.