ರೋಗಿಯ ಒಪ್ಪಿಗೆ, ರೋಗಿಯ ಗುಟ್ಟು

ಶಿವಮೊಗ್ಗ, ಭದ್ರಾವತಿಯ ನಮ್ಮ ಮನೆಗಳಿಂದ ಈಗ ಅನೇಕ ಮಕ್ಕಳು ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತಿದ್ದಾರೆ. ಕೆಲವರು ನರ್ಸಿಂಗ್ ಕಲಿಯುತ್ತಾರೆ, ಕೆಲವರು ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ, ಕೆಲವರು ಔಷಧದಂಗಡಿಯಲ್ಲಿ ನಿಲ್ಲುತ್ತಾರೆ, ಕೆಲವು ಸಹೋದರಿಯರು ಆಶಾ ಕಾರ್ಯಕರ್ತೆಯರಾಗಿ ಮನೆ ಮನೆ ಸುತ್ತುತ್ತಾರೆ. ಮೆಗ್ಗಾನ್ ಆಸ್ಪತ್ರೆಗೆ ಸೇರಿದಂತೆ 2007ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಊರಿನಲ್ಲೇ ಡಾಕ್ಟರಿಕೆ ಕಲಿಯುವ ದಾರಿಯೂ ತೆರೆಯಿತು. ಮಗಳನ್ನು ಇಂಥ ಕೆಲಸಕ್ಕೆ ಕಳುಹಿಸುವಾಗ ತಂದೆತಾಯಿ ಸಂಬಳವೆಷ್ಟು, ರಾತ್ರಿ ಪಾಳಿ ಉಂಟೇ, ಪರ್ದಾ ಪಾಲಿಸಲು ಸಾಧ್ಯವೇ ಎಂದೆಲ್ಲ ವಿಚಾರಿಸುತ್ತಾರೆ. ಅದು ಸರಿಯೇ. ಆದರೆ ಅವಳ ಕೈಗೆ ಎಂಥ ಅಮಾನತ್ ಬರುತ್ತಿದೆ ಎಂದು ಕೇಳುವವರು ಕಡಿಮೆ.

ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಅಲ್ಲಾಹನು ಸೂರಃ ಅನ್ನಿಸಾದಲ್ಲಿ ಆಜ್ಞಾಪಿಸಿದ್ದಾನೆ. ಅಮಾನತ್ ಎಂದರೆ ನಾವು ಹಣ, ಒಡವೆ ಎಂದು ಭಾವಿಸಿಬಿಡುತ್ತೇವೆ. ಹಾಸಿಗೆ ಹಿಡಿದವನು ನಮಗೆ ಒಪ್ಪಿಸುವುದು ಅದಕ್ಕಿಂತ ದೊಡ್ಡದು. ತನ್ನ ಶರೀರವನ್ನು, ಹೆಂಡತಿಗೂ ಹೇಳದ ಗುಟ್ಟನ್ನು, ಪ್ರಾಣವನ್ನು ಒಪ್ಪಿಸುತ್ತಾನೆ.

ಬೇಡವೆಂದ ಔಷಧ

ಸಹೀಹ್ ಬುಖಾರಿಯಲ್ಲಿ ಹಝ್ರತ್ ಆಯಿಶಾ(ರ) ಹೇಳಿದ ಒಂದು ಘಟನೆಯಿದೆ. ಪ್ರವಾದಿವರ್ಯರು(ಸ) ಕೊನೆಯ ಕಾಯಿಲೆಯಲ್ಲಿದ್ದಾಗ ಮನೆಯವರು ಅವರ ಬಾಯಿಯ ಒಂದು ಬದಿಯಿಂದ ಔಷಧ ಹಾಕಿದರು. ಬೇಡವೆಂದು ಅವರು ಸನ್ನೆ ಮಾಡಿದರು. ಕಾಯಿಲೆಯವರಿಗೆ ಔಷಧವೆಂದರೆ ಆಗದು, ಅದಕ್ಕೇ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡು ಮನೆಯವರು ಹಾಕಿಯೇಬಿಟ್ಟರು. ಚೇತರಿಸಿಕೊಂಡ ಮೇಲೆ ಪ್ರವಾದಿವರ್ಯರು(ಸ), ನಾನು ಬೇಡವೆಂದಿರಲಿಲ್ಲವೇ ಎಂದು ಆಕ್ಷೇಪಿಸಿದರು. ಅಲ್ಲಿದ್ದ ಪ್ರತಿಯೊಬ್ಬರಿಗೂ ಅದೇ ಔಷಧವನ್ನು ತಮ್ಮ ಕಣ್ಣೆದುರೇ ಕುಡಿಸಲು ಹೇಳಿದರು. ಆ ಹೊತ್ತಿಗೆ ಅಲ್ಲಿರದ ಹಝ್ರತ್ ಅಬ್ಬಾಸ್(ರ)ರಿಗೆ ಮಾತ್ರ ವಿನಾಯಿತಿ ಸಿಕ್ಕಿತು.

ಔಷಧ ಹಾಕಿದವರು ಅವರನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದವರು ಎಂಬುದನ್ನು ಗಮನಿಸಿ. ಪ್ರೀತಿಯಿದೆ, ಸದುದ್ದೇಶವಿದೆ. ಆದರೂ ಒಪ್ಪಿಗೆ ಇರಲಿಲ್ಲ. ನಮ್ಮ ವಾರ್ಡುಗಳಲ್ಲಿ ದಿನವೂ ನಡೆಯುವುದು ಇದೇ ಅಲ್ಲವೇ? "ಅವರಿಗೇನು ಗೊತ್ತಾಗುತ್ತದೆ, ನೀವು ಸೂಜಿ ಹಾಕಿ ಸಿಸ್ಟರ್" ಎಂದು ಮಗ ಹೇಳುತ್ತಾನೆ, ಮುದುಕಿ ತಾಯಿ ಕೈ ಹಿಂದಕ್ಕೆಳೆಯುತ್ತಾಳೆ. ಕೈ ಏಕೆ ಎಳೆದಳೆಂದು ಅವಳನ್ನೇ ಕೇಳಬೇಕು.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. ದಿಲ್ಲಿಯಲ್ಲಿ ಒಬ್ಬ ಮಹಿಳೆ ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟು ಅರಿವಳಿಕೆಯಲ್ಲಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆಯಲಾಯಿತು. 2008ರ ಜನವರಿಯಲ್ಲಿ ಸುಪ್ರೀಮ್ ಕೋರ್ಟ್ ಆ ಒಪ್ಪಿಗೆ ಸಲ್ಲದು ಎಂದಿತು. ಆಕೆ ವಯಸ್ಕಳು, ಎಚ್ಚರವಾದ ಮೇಲೆ ಆಕೆಯನ್ನೇ ಕೇಳಬಹುದಿತ್ತು, ತಕ್ಷಣದ ಪ್ರಾಣಾಪಾಯ ಇರಲಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಕ್ರಿಯೆಗೆ ಸಾಲದು. ಏನು ಕಾಯಿಲೆ, ಏನು ಮಾಡುತ್ತಾರೆ, ಅದರ ಅಪಾಯವೇನು, ಬೇರೆ ದಾರಿ ಉಂಟೇ, ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಸಿ ಪಡೆದದ್ದೇ ಒಪ್ಪಿಗೆ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ.

ನಮ್ಮ ಮನೆಗಳ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಹೆಂಡತಿಯ ಆಪರೇಷನ್‌ಗೆ ಗಂಡ ರುಜು ಹಾಕಿದರೆ ಮುಗಿಯಿತು ಎಂದು ನಾವು ತಿಳಿದಿದ್ದೇವೆ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ಹೆಣ್ಣಿನ ಚಿಕಿತ್ಸೆಗೆ ಬೇಕಾದುದು ಅವಳ ರುಜು. ಗಂಡನೊಂದಿಗೆ ಸಮಾಲೋಚಿಸುವುದು ಒಳ್ಳೆಯದೇ, ಆದರೆ ಅವನ ರುಜು ಅವಳ ಒಪ್ಪಿಗೆಯ ಜಾಗಕ್ಕೆ ಬರುವುದಿಲ್ಲ. ಪ್ರಜ್ಞೆಯಿಲ್ಲದೆ ಪ್ರಾಣಾಪಾಯದಲ್ಲಿ ಬಂದವನ ಮಾತು ಬೇರೆ. ಅಲ್ಲಿ ಒಪ್ಪಿಗೆಗಾಗಿ ಕಾಯುತ್ತಾ ಕುಳಿತುಕೊಳ್ಳಬಾರದು, ಪೊಲೀಸರು ಬರಲಿ ಎಂದೂ ಕಾಯಬಾರದು. ಅಪಘಾತದಲ್ಲಿ ಗಾಯಗೊಂಡವನಿಗೆ ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ಸುಪ್ರೀಮ್ ಕೋರ್ಟ್ 1989ರಲ್ಲೇ ಸ್ಪಷ್ಟಪಡಿಸಿದೆ.

ಗೊತ್ತಿಲ್ಲದ ಮಾತು, ಅರ್ಥವಾಗದ ಮಾತು

ಅಬೂದಾವೂದ್‌ನಲ್ಲಿ ಇನ್ನೊಂದು ಘಟನೆ ಬರುತ್ತದೆ. ಪ್ರಯಾಣದಲ್ಲಿ ಒಬ್ಬ ಸಹಾಬಿಯ ತಲೆಗೆ ಕಲ್ಲು ತಗಲಿ ಗಾಯವಾಗಿತ್ತು. ಸ್ನಾನ ಕಡ್ಡಾಯವಾದಾಗ, ನನಗೆ ತಯಮ್ಮುಮ್ ಸಾಕೇ ಎಂದು ಜೊತೆಗಾರರನ್ನು ಕೇಳಿದರು. ಸಾಲದು ಎಂದರು ಅವರು. ಆತ ಸ್ನಾನ ಮಾಡಿ ಮರಣ ಹೊಂದಿದರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಬಹಳ ಕಠಿಣವಾಗಿ ಮಾತನಾಡಿದರು. ಅವರೇ ಆತನನ್ನು ಕೊಂದರು, ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ ಎಂದರು. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆ ಮಾಡಿದವನು ಹಾನಿಗೆ ಹೊಣೆಗಾರ ಎಂಬ ಹದೀಸ್ ಕೂಡ ಇದೆ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ಒಬ್ಬ ವೈದ್ಯನ ತಪ್ಪಿನಿಂದ ರೋಗಿ ಸತ್ತಾಗ, ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರೂ ವೈದ್ಯ ಮಾಡಕೂಡದೆಂದು ಖಲೀಫ ಮುಕ್ತದಿರ್ ಆಜ್ಞೆ ಹೊರಡಿಸಿದ. ನಮ್ಮ ಬೀದಿಗಳಲ್ಲಿ ಕಾಂಪೌಂಡರ್ ಆಗಿದ್ದವರು "ಡಾಕ್ಟರ್ ಸಾಹೇಬ್" ಆಗಿ ಡ್ರಿಪ್ ಹಾಕುವುದನ್ನು ಕಂಡಾಗಲೆಲ್ಲ ಆ ಆಜ್ಞೆ ನೆನಪಾಗುತ್ತದೆ.

ಗೊತ್ತಿದ್ದರೂ ಹೇಳುವ ರೀತಿ ತಿಳಿಯದಿದ್ದರೆ ಅದೇ ಅಪಾಯ. ಭದ್ರಾವತಿಯ ಒಂದೇ ವಾರ್ಡಿನಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು, ಲಂಬಾಣಿ ಕೇಳಬಹುದು. ಕಾರ್ಖಾನೆಗಳು ಕರೆತಂದ ಜನ. "ಬೆಳಿಗ್ಗೆ ಊಟಕ್ಕೆ ಮುಂಚೆ ಒಂದು, ರಾತ್ರಿ ಒಂದು" ಎಂದು ಮಾತ್ರೆ ಕೊಟ್ಟಿರಿ. ರಮಝಾನ್ ತಿಂಗಳಲ್ಲಿ ಅದನ್ನು ಕೇಳಿದ ಸಕ್ಕರೆ ಕಾಯಿಲೆಯ ಅಜ್ಜಿಗೆ ಬೆಳಿಗ್ಗೆಯ ಊಟ ಯಾವುದು? ಸಹರಿಯೇ, ಇಫ್ತಾರೇ? ಅವರು ಉಪವಾಸದ ವಿಷಯ ಹೇಳುವುದಿಲ್ಲ, ಡಾಕ್ಟರ್ ಬೈಯುತ್ತಾರೆಂಬ ಹೆದರಿಕೆ. ಇನ್ಸುಲಿನ್ ಚುಚ್ಚಿಕೊಂಡು ದಿನವಿಡೀ ಹಸಿದಿದ್ದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಆದುದರಿಂದ ಶಾಬಾನ್ ತಿಂಗಳಲ್ಲೇ ನೀವಾಗಿ ಕೇಳಿರಿ: "ಅಮ್ಮಾ, ಈ ಸಲ ಉಪವಾಸ ಹಿಡಿಯುತ್ತೀರಾ?" ಎಂದು. ಮಾತ್ರೆಯ ಅಳತೆ ಬದಲಿಸುವುದು ಡಾಕ್ಟರರ ಕೆಲಸ. ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿ ಸೂರಃ ಅಲ್‌ಬಕರಃದಲ್ಲಿದೆ, ಅದನ್ನು ವಿವರಿಸಲು ಆಲಿಮರಿದ್ದಾರೆ. ನಿಮ್ಮ ಕೆಲಸ ಕೇಳುವುದು ಮತ್ತು ಕೇಳಿದ್ದನ್ನು ತಲುಪಿಸುವುದು. ಹೇಳಿದ ಮೇಲೆ, ಮನೆಗೆ ಹೋಗಿ ಈ ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಅವರ ಬಾಯಿಂದಲೇ ಹೇಳಿಸಿ. ತಲೆಯಾಡಿಸಿದ್ದನ್ನು ನಂಬಬೇಡಿ, ನಮ್ಮ ಹಿರಿಯರು ಮರ್ಯಾದೆಗೂ ತಲೆಯಾಡಿಸುತ್ತಾರೆ.

ಮದುವೆ ವಿಚಾರಿಸಲು ಬಂದವರು

ಆಸ್ಪತ್ರೆಯ ಕೆಲಸದಲ್ಲಿರುವವರಿಗೆ ಅತಿ ದೊಡ್ಡ ಪರೀಕ್ಷೆ ಆಸ್ಪತ್ರೆಯ ಹೊರಗೆ ಬರುತ್ತದೆ. ಪಕ್ಕದ ಬೀದಿಯ ಹುಡುಗಿಗೆ ಸಂಬಂಧ ಬಂದಿದೆ. ಹುಡುಗನ ತಾಯಿ ನಿಮ್ಮ ಮನೆಗೆ ಬಂದು ಚಹಾ ಕುಡಿಯುತ್ತಾ ಮೆಲ್ಲನೆ ಕೇಳುತ್ತಾರೆ: "ನೀನು ಆ ಆಸ್ಪತ್ರೆಯಲ್ಲೇ ಇದ್ದೀಯಲ್ಲಮ್ಮಾ, ಹೋದ ವರ್ಷ ಅವಳು ಅಡ್ಮಿಟ್ ಆಗಿದ್ದಳಂತೆ, ಏನಾಗಿತ್ತು?"

ಒಬ್ಬನು ಮಾತನಾಡಿ ಅತ್ತಿತ್ತ ತಿರುಗಿ ನೋಡಿದರೂ ಆ ಮಾತು ಅಮಾನತ್ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಪರದೆಯೆಳೆದು, ಬಾಗಿಲು ಮುಚ್ಚಿ ಹೇಳಿದ ಮಾತಿನ ಸ್ಥಾನವೇನೆಂದು ಯೋಚಿಸಿ. ಕೆಲವರು ಫಾತಿಮಾ ಬಿನ್ತ್ ಕೈಸ್(ರ)ರ ಹದೀಸ್ ಮುಂದಿಡುತ್ತಾರೆ. ಆಕೆ ತಮ್ಮನ್ನು ಕೇಳಿಬಂದಿದ್ದ ಇಬ್ಬರ ವಿಷಯದಲ್ಲಿ ಸಲಹೆ ಕೇಳಿದಾಗ ಪ್ರವಾದಿವರ್ಯರು(ಸ) ಇದ್ದುದನ್ನು ಹೇಳಿದರು, ಆದುದರಿಂದ ಮದುವೆಯ ವಿಷಯದಲ್ಲಿ ಮುಚ್ಚಿಡಬಾರದು ಎನ್ನುತ್ತಾರೆ. ಹದೀಸ್ ಸರಿ, ಅನ್ವಯ ಸರಿಯಲ್ಲ. ಅಲ್ಲಿ ಹೇಳಿದ್ದು ಒಬ್ಬನ ಬಡತನ, ಇನ್ನೊಬ್ಬನ ಒರಟುತನ. ಊರಿನವರಿಗೆ ಕಾಣುವ ಸಂಗತಿಗಳವು. ಯಾರೂ ರೋಗಿಯಾಗಿ ಒಪ್ಪಿಸಿದ ಗುಟ್ಟುಗಳಲ್ಲ. ನೆರೆಯವಳಾಗಿ ತಿಳಿದದ್ದು ಒಂದು, ಕೇಸ್ ಶೀಟ್ ನೋಡಿ ತಿಳಿದದ್ದು ಇನ್ನೊಂದು. "ಆಸ್ಪತ್ರೆಯ ವಿಷಯ ಯಾರದ್ದನ್ನೂ ನಾನು ಹೇಳುವುದಿಲ್ಲ ಖಾಲಾ, ಬೇಕಿದ್ದರೆ ಅವರನ್ನೇ ಕೇಳಿ" ಎನ್ನಿರಿ. ಏನೂ ಇಲ್ಲದವರ ವಿಷಯದಲ್ಲೂ ಇದೇ ಉತ್ತರ ಕೊಡಬೇಕು. ಇಲ್ಲದಿದ್ದರೆ ನಿಮ್ಮ ಮೌನವೇ ಸುದ್ದಿಯಾಗುತ್ತದೆ.

2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸೋಂಕಿತರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದು ಅದರಂತೆ ನಿಷಿದ್ಧ. ಬಾಳಸಂಗಾತಿಗೆ ಅಪಾಯವಿದ್ದಾಗ ತಿಳಿಸಲು ದಾರಿಯಿದೆ, ಆದರೆ ಅದು ಚಿಕಿತ್ಸೆ ನೀಡುವ ವೈದ್ಯರ ಅಥವಾ ಆಪ್ತಸಲಹೆಗಾರರ ಮೂಲಕ, ರೋಗಿಗೆ ಮೊದಲು ತಿಳಿಹೇಳಿದ ಮೇಲೆ. ಲ್ಯಾಬಿನ ಹುಡುಗ ಮೊಬೈಲಿನಲ್ಲಿ ರಿಪೋರ್ಟಿನ ಫೋಟೋ ತೆಗೆದು ಗೆಳೆಯನಿಗೆ ಕಳಿಸುವುದು ಆ ದಾರಿಯಲ್ಲ.

ಗುಟ್ಟು ಮುರಿಯಲೇಬೇಕಾದ ಜಾಗವೂ ಇದೆ. ಇದು ಕಹಿ, ಆದರೂ ಹೇಳಬೇಕು. 18 ತುಂಬದ ಹುಡುಗಿ ಗರ್ಭಿಣಿಯಾಗಿ ಬಂದರೆ, 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆಯುಂಟು. ನಿಕಾಹ್ ಆಗಿದೆ ಎಂಬ ಮಾತು ಆ ಹೊಣೆಯನ್ನು ತಪ್ಪಿಸುವುದಿಲ್ಲ. "ವಯಸ್ಸು ಹತ್ತೊಂಬತ್ತು ಎಂದು ಬರೆದುಬಿಡು ಬೇಟಿ, ನಮ್ಮ ಮಾನ ಉಳಿಸು" ಎಂದು ಸ್ವಂತ ಸಂಬಂಧಿಕರೇ ಕಾಲಿಗೆ ಬೀಳಬಹುದು. ಸ್ವಂತಕ್ಕಾಗಲಿ, ತಂದೆತಾಯಿಗಾಗಲಿ, ಬಂಧುಗಳಿಗಾಗಲಿ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆಂಬ ಕುರ್‌ಆನಿನ ಆಜ್ಞೆ ಇಂಥ ಗಳಿಗೆಗೇ ಬಂದಿರುವುದು. ಆ ಹುಡುಗಿಯ ಆರೈಕೆಯಲ್ಲಿ ಮಾತ್ರ ಒಂದಿಷ್ಟೂ ಕಡಿಮೆಯಾಗಬಾರದು, ಸುದ್ದಿ ಪೊಲೀಸರಿಗಲ್ಲದೆ ಬೀದಿಗೆ ಹೋಗಬಾರದು.

ಬರೆಯುವ ವಿಷಯಕ್ಕೆ ಬಂದರೆ, ನೋಡದೆ ಬರೆದ ಬಿ.ಪಿ., ಕೊಡದೆ ಟಿಕ್ ಹಾಕಿದ ಔಷಧ, ಇವು ಸುಳ್ಳು ಸಾಕ್ಷ್ಯಗಳೇ. ರಾತ್ರಿ ಪಾಳಿಯ ಆಯಾಸ ನಿಜ, ಆದರೆ ಬೆಳಿಗ್ಗೆ ಡಾಕ್ಟರ್ ಆ ಅಂಕಿ ನೋಡಿಯೇ ಔಷಧ ಬದಲಿಸುತ್ತಾರೆ. ತಪ್ಪಿ ಬೇರೆ ಔಷಧ ಕೊಟ್ಟಿದ್ದರೆ ತಕ್ಷಣ ಹೇಳಬೇಕು, ಹಳೆಯ ಬರಹ ಅಳಿಸಬಾರದು. ಪ್ರತಿ ತಪ್ಪೂ ಜೈಲಿಗೆ ಒಯ್ಯುವುದಿಲ್ಲ. ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯ ಬೇಕೆಂದು 2005ರಲ್ಲಿ ಸುಪ್ರೀಮ್ ಕೋರ್ಟ್ ತೀರ್ಪು ನೀಡಿದೆ. ಗ್ರಾಹಕ ನ್ಯಾಯಾಲಯದ ಪರಿಹಾರದ ಪ್ರಶ್ನೆ ಬೇರೆ. ಹಣ ಪಡೆದು ನೀಡುವ ವೈದ್ಯಸೇವೆ 1995ರ ತೀರ್ಪಿನಿಂದ ಅದರೊಳಗೆ ಬಂದಿದೆ. ರೋಗಿಯ ಕಡೆಯವರೂ ತಿಳಿದಿರಲಿ: ಒಳರೋಗಿಯ ದಾಖಲೆಗಳನ್ನು ವೈದ್ಯರು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬರಹದಲ್ಲಿ ಕೇಳಿರಿ, ಕೂಗಾಡಬೇಡಿ. ಆಸ್ಪತ್ರೆಯವರ ಮೇಲೆ ಕೈಮಾಡುವುದು ಕರ್ನಾಟಕದಲ್ಲಿ 2009ರ ವಿಶೇಷ ಕಾಯ್ದೆಯಡಿ ಅಪರಾಧ.

ಸೋಗಾನೆಯಿಂದ ಬಂದ ರೋಗಿ

ಸೋಗಾನೆ ಎಂದರೆ ಈಗ ಎಲ್ಲರಿಗೂ 2023ರಲ್ಲಿ ಆರಂಭವಾದ ವಿಮಾನ ನಿಲ್ದಾಣ ನೆನಪಾಗುತ್ತದೆ. ಅಲ್ಲೇ ಕೇಂದ್ರ ಕಾರಾಗೃಹವೂ ಇದೆ. ಪೊಲೀಸ್ ಕಾವಲಿನಲ್ಲಿ ಒಬ್ಬ ಕೈದಿಯನ್ನು ಆಸ್ಪತ್ರೆಗೆ ಕರೆತಂದರೆ ವಾರ್ಡಿನಲ್ಲಿ ಎಲ್ಲರ ಕಣ್ಣೂ ಅವನ ಮೇಲೆ. ಏನು ಮಾಡಿ ಒಳಗೆ ಹೋಗಿದ್ದಾನೆ ಎಂಬ ಕುತೂಹಲ. ಸೂರಃ ಅಲ್‌ಇನ್ಸಾನ್‌ನಲ್ಲಿ ಅಲ್ಲಾಹನು ಪುಣ್ಯವಂತರನ್ನು ವರ್ಣಿಸುವಾಗ ಬಡವ ಮತ್ತು ಅನಾಥನ ಜೊತೆಯಲ್ಲೇ ಕೈದಿಯನ್ನು ಹೆಸರಿಸಿದ್ದಾನೆ, ಅವನ ಅಪರಾಧವೇನೆಂದು ಹೇಳಿಲ್ಲ. 1995ರಲ್ಲಿ ಗುವಾಹಟಿಯ ಆಸ್ಪತ್ರೆಯೊಂದರಲ್ಲಿ ಬಂದಿಗಳನ್ನು ಕೈಕೋಳ ತೊಡಿಸಿ ಮಂಚಕ್ಕೆ ಹಗ್ಗದಿಂದ ಕಟ್ಟಿಹಾಕಿದ್ದನ್ನು ಸುಪ್ರೀಮ್ ಕೋರ್ಟ್ ಖಂಡಿಸಿತು.

ನಿಮ್ಮ ಪಾಳಿಯಲ್ಲಿ ಅಂಥವನು ಬಂದರೆ ಹೆಸರು ಹಿಡಿದು, ಬಹುವಚನದಲ್ಲಿ ಮಾತನಾಡಿಸಿ. ಯಾವ ಕೇಸು ಎಂದು ಕೇಳಬೇಡಿ, ನೋವು ಎಲ್ಲಿ ಎಂದು ಕೇಳಿ. ಕಾವಲಿನವರು ಕಾಣುವಷ್ಟು ಹತ್ತಿರ, ಆದರೆ ಮಾತು ಕೇಳಿಸದಷ್ಟು ದೂರ ನಿಲ್ಲುವಂತೆ ಡಾಕ್ಟರರ ಮೂಲಕ ವಿನಂತಿಸಿ. ಪರೀಕ್ಷೆಗೂ ಸೂಜಿಗೂ ಅವನ ಒಪ್ಪಿಗೆಯನ್ನೇ ಪಡೆಯಿರಿ, ಪೊಲೀಸರದ್ದಲ್ಲ. ಮೈಮೇಲೆ ಗಾಯವಿದ್ದರೆ ಕಂಡದ್ದನ್ನು ಕಂಡಂತೆ, ಎಲ್ಲಿ, ಎಷ್ಟು ಉದ್ದ ಎಂದು ಡಾಕ್ಟರರು ಬರೆಯುವಂತೆ ನೋಡಿಕೊಳ್ಳಿ. ಹೊರಡುವಾಗ ಮಾತ್ರೆಯ ಚೀಟಿಯನ್ನು ಕಾವಲಿನವರ ಕೈಗೆ ಕೊಡುವ ಮುನ್ನ ಅವನಿಗೂ ಒಮ್ಮೆ ಓದಿ ಹೇಳಿ, ಮುಂದಿನ ತಪಾಸಣೆಯ ದಿನ ಯಾವುದೆಂದು ಅವನ ಬಾಯಿಂದ ಹೇಳಿಸಿ.