ಮಂಜೂರಾತಿ ಪತ್ರ ಬಂದಿದೆ, ಹಣ ಬಂದಿಲ್ಲ

ನಾಟಕ ತಂಡ, ಯಕ್ಷಗಾನ ಕೇಂದ್ರ, ಸಂಗೀತ ಸಭೆಗಳನ್ನು ನಡೆಸುವವರು ಅನುದಾನ, ತೆರಿಗೆ, ದೇಣಿಗೆಗಳ ಬಗ್ಗೆ ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಬಾರಿ ಉತ್ತರ. ಉತ್ತರಿಸಿದವರು ಕಲಾಸಂಘಗಳ ಲೆಕ್ಕಪತ್ರ ನೋಡುವ ಆಡಿಟರ್.

ಪ್ರಶ್ನೆ: ಮಾನ್ಯರೇ, ನಮ್ಮದು ಹವ್ಯಾಸಿ ರಂಗತಂಡ. ಮೂರು ದಿನದ ನಾಟಕೋತ್ಸವಕ್ಕೆ ಸರ್ಕಾರದ ಧನಸಹಾಯ ಮಂಜೂರಾಯಿತು. ಪತ್ರ ನಂಬಿ ಸಾಲ ಮಾಡಿ ಉತ್ಸವ ಮುಗಿಸಿದೆವು. ಹಣ ಇನ್ನೂ ಬಂದಿಲ್ಲ. ಲೈಟಿನವರೂ ಶಾಮಿಯಾನದವರೂ ದಿನಾ ಫೋನು ಮಾಡುತ್ತಿದ್ದಾರೆ. ಎರಡು ತಿಂಗಳ ತಾಲೀಮಿನ ಖರ್ಚನ್ನಾದರೂ ಇದೇ ಲೆಕ್ಕದಲ್ಲಿ ತೋರಿಸಬಹುದೇ?
– ತಂಡದ ಕಾರ್ಯದರ್ಶಿ, ಶಿವಮೊಗ್ಗ ಜಿಲ್ಲೆ

ಉತ್ತರ: ಮಂಜೂರಾತಿ ಬೇರೆ, ಬಿಡುಗಡೆ ಬೇರೆ. ಪತ್ರ ಬಂದಿದೆ ಎಂದರೆ ಪಟ್ಟಿಯಲ್ಲಿ ನಿಮ್ಮ ಹೆಸರಿದೆ ಎಂದಷ್ಟೇ ಅರ್ಥ. ಕಂತು ಬಿಡುಗಡೆಯಾಗಿ, ಬಿಲ್ಲು ಖಜಾನೆಯಲ್ಲಿ ಪಾಸಾದ ಮೇಲೆಯೇ ಅದು ಹಣ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಕಡತಗಳಿಗೆ ಜೀವ ಬರುವುದು ಫೆಬ್ರುವರಿಯಲ್ಲಿ. ನಾಡಿನ ಉತ್ಸವಗಳೆಲ್ಲ ಮಾರ್ಚಿಗೇ ಬಂದು ಬೀಳುವುದಕ್ಕೂ, ಒಂದೇ ಸಂಜೆ ಒಂದೇ ಊರಿನಲ್ಲಿ ಎರಡು ನಾಟಕ ನಡೆದು ಎರಡಕ್ಕೂ ಜನ ಇಲ್ಲದಿರುವುದಕ್ಕೂ ಇದೂ ಒಂದು ಕಾರಣ.

ಈಗ ಮಾಡಬೇಕಾದದ್ದು: ಮಂಜೂರಾತಿ ಸಂಖ್ಯೆ ನಮೂದಿಸಿ ಬಿಡುಗಡೆಯ ಸ್ಥಿತಿಯನ್ನು ಲಿಖಿತವಾಗಿ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ‘ಅರ್ಜಿ ಹಾಕಿದರೆ ಸಾಹೇಬರಿಗೆ ಸಿಟ್ಟು ಬರುತ್ತದೆ, ಮುಂದಿನ ವರ್ಷ ಕೊಡುವುದಿಲ್ಲ’ ಎಂದು ನಿಮ್ಮಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಣದ ಜೊತೆಗೆ ಬರುವ ಆ ಅಂಜಿಕೆಯೂ ಅನುದಾನದ ಒಂದು ಭಾಗವೆಂದೇ ನಾನು ತಿಳಿದಿದ್ದೇನೆ.

ತಾಲೀಮಿನ ಖರ್ಚನ್ನು ಈಗ ಸೇರಿಸಲಾಗದು. ಯಾವ ಬಾಬ್ತಿಗೆ ಕೊಟ್ಟರೋ ಅದಕ್ಕೇ ಬಳಸಿದ್ದೇವೆಂದು ಬಳಕೆ ಪ್ರಮಾಣಪತ್ರದಲ್ಲಿ ಸಹಿ ಹಾಕುವವರು ನೀವು. ಮುಂದಿನ ಸಲ ಅಂದಾಜುಪಟ್ಟಿಯಲ್ಲೇ ‘ತಾಲೀಮು: ಸ್ಥಳ ಬಾಡಿಗೆ, ಪ್ರಯಾಣ, ಉಪಾಹಾರ’ ಎಂದು ಬೇರೆ ಸಾಲು ಬರೆಯಿರಿ. ಅದನ್ನು ಕತ್ತರಿಸಿದರೂ ಕೇಳಿದ್ದಕ್ಕೆ ದಾಖಲೆ ಇರುತ್ತದೆ. ಕೇಂದ್ರ ಸಂಸ್ಕೃತಿ ಸಚಿವಾಲಯವೂ ಕಾರ್ಯಕ್ರಮ ಮತ್ತು ರಂಗನಿರ್ಮಾಣಗಳಿಗೆ ಸಾಮಾನ್ಯವಾಗಿ 5 ಲಕ್ಷ ರೂ.ವರೆಗೆ ಕೊಡುತ್ತದೆ, ಅದೂ ಕಂತಿನಲ್ಲಿ. ಆ ಹಣ ಮುಂಗಡವಾಗಿ ಬಂದು ಬ್ಯಾಂಕಿನಲ್ಲಿ ಕುಳಿತರೆ, 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅದರ ಬಡ್ಡಿಯನ್ನೂ ವಾಪಸು ಕಟ್ಟಬೇಕು.

ಒಟ್ಟು ವ್ಯವಸ್ಥೆಯೇ ಪ್ರದರ್ಶನದ ದಿನಕ್ಕೆ ದುಡ್ಡು ಕೊಡುತ್ತದೆ. ಬ್ಯಾನರು, ಹಾರ, ಅತಿಥಿ, ಫೋಟೊ ಸಿಗುವುದು ಆ ದಿನವೇ. ತಂಡ ನಿಜವಾಗಿ ಕೆಲಸ ಮಾಡುವುದು ಉಳಿದ ದಿನಗಳಲ್ಲಿ. ನಾಲ್ಕು ವರ್ಷ ಇದೇ ಲೆಕ್ಕಕ್ಕೆ ಒಗ್ಗಿಕೊಂಡ ತಂಡ ತಾಲೀಮು ಕಡಿಮೆ ಮಾಡುತ್ತದೆ, ಉತ್ಸವ ಹೆಚ್ಚು ಮಾಡುತ್ತದೆ. ನಿಮ್ಮ ತಿಂಗಳ ಖರ್ಚನ್ನು ಚಂದಾ ಮತ್ತು ಟಿಕೆಟ್ಟಿನ ಮೇಲೆ ನಿಲ್ಲಿಸಿ. ಅನುದಾನ ಬಂದರೆ ಅದು ಹೊಸ ನಾಟಕಕ್ಕೆ. ಮಂಜೂರಾತಿ ಪತ್ರ ಹಿಡಿದು ಬಡ್ಡಿಸಾಲವನ್ನಂತೂ ಇನ್ನು ಮಾಡಬೇಡಿ.

ಪ್ರಶ್ನೆ: ನಮ್ಮ ಯಕ್ಷಗಾನ ಕೇಂದ್ರಕ್ಕೆ ಕೇಂದ್ರ ಸರ್ಕಾರದ ಗುರು–ಶಿಷ್ಯ ಅನುದಾನ ಸಿಗುತ್ತಿದೆ. ಹಣ ಕಲಾವಿದರ ಖಾತೆಗೆ ಹೋಗುತ್ತದೆ. ಆದರೆ ವೇಷಭೂಷಣ, ಚೆಂಡೆ–ಮದ್ದಳೆ ರಿಪೇರಿ, ಗಾಡಿ ಬಾಡಿಗೆಗೆ ನಮ್ಮ ಬಳಿ ಕಾಸಿಲ್ಲ. ಶಿಷ್ಯರಿಂದ ಅರ್ಧ ವಾಪಸು ಪಡೆಯಿರಿ, ಎಲ್ಲರೂ ಮಾಡುವುದೇ ಅದು ಎನ್ನುತ್ತಾರೆ. ತಪ್ಪೇ?
– ಕೇಂದ್ರದ ಸಂಚಾಲಕರು, ಉತ್ತರ ಕನ್ನಡ

ಉತ್ತರ: ತಪ್ಪು. ಪೂರ್ತಿ ಹಣ ತಲುಪಿತೆಂದು ಬರೆದುಕೊಟ್ಟು ಅರ್ಧ ಕೈಗೆ ಇಡುವುದಕ್ಕೆ ಸುಳ್ಳು ಲೆಕ್ಕ ಎನ್ನುತ್ತಾರೆ. ನಾಳೆ ಮೇಳ ಬಿಟ್ಟ ಒಬ್ಬ ಹುಡುಗ ದೂರು ಬರೆದರೆ ಅನುದಾನವೂ ಹೋಯಿತು, ನಿಮ್ಮ ಹೆಸರೂ ಹೋಯಿತು.

ಆದರೆ ನಿಮ್ಮ ಕಷ್ಟ ಸುಳ್ಳಲ್ಲ. ಈ ಯೋಜನೆಯಲ್ಲಿ ಗುರುವಿಗೆ ತಿಂಗಳಿಗೆ 15 ಸಾವಿರ, ವಯಸ್ಕ ಶಿಷ್ಯರಿಗೆ 10 ಸಾವಿರ, ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಇನ್ನೂ ಕಡಿಮೆ ದರವಿದೆ. ಮೊದಲು ಗುರುವಿಗೆ 10 ಸಾವಿರ, ಶಿಷ್ಯರಿಗೆ 6 ಸಾವಿರ ಇತ್ತು. ಏರಿದ್ದು ಸಂತೋಷವೇ. ಆದರೂ ಇಂದಿನ ದಿನ 10 ಸಾವಿರದಲ್ಲಿ ಒಬ್ಬ ಯುವಕ ಸಂಸಾರ ನಡೆಸಲಾರ. ಯೋಜನೆ ರೂಪಿಸಿದವರ ಕಣ್ಣಿಗೆ ಕಂಡದ್ದು ಕಲಿಸುವವರು, ಕಲಿಯುವವರು. ಇವರಿಬ್ಬರನ್ನು ಒಂದು ಮಾಡಿನ ಕೆಳಗೆ ಇಟ್ಟುಕೊಂಡ ಸಂಸ್ಥೆ ಕಾಣಲಿಲ್ಲ. ಅದರ ಕರೆಂಟ್ ಬಿಲ್ಲು ಯಾರ ಬಾಬ್ತಿನಲ್ಲೂ ಇಲ್ಲ. ವಾಪಸು ಪಡೆಯುವ ಚಾಳಿ ಹುಟ್ಟಿದ್ದು ಈ ಸಂದಿನಲ್ಲೇ.

ದಾರಿ ಇರುವುದು ಆಟದ ವೀಳ್ಯದಲ್ಲಿ. ಹರಕೆ ಆಟ, ದೇವಸ್ಥಾನದ ಆಟ, ಶಾಲೆಯ ಆಟ, ಯಾವುದೇ ಇರಲಿ, ಅದು ಸಂಸ್ಥೆಯ ಹೆಸರಿನಲ್ಲಿ ಒಪ್ಪಂದವಾಗಿ ಸಂಸ್ಥೆಯ ಖಾತೆಗೆ ಬರಲಿ. ಅದರಲ್ಲಿ ಇಷ್ಟು ಪಾಲು ವೇಷಭೂಷಣ ನಿಧಿಗೆ ಎಂದು ಸಮಿತಿ ಸಭೆಯಲ್ಲಿ ಠರಾವು ಮಾಡಿ. ಶಿಷ್ಯರಲ್ಲಿ ಯಾರಾದರೂ ತಾವಾಗಿ ದೇಣಿಗೆ ಕೊಟ್ಟರೆ ರಸೀದಿ ಹರಿಯಿರಿ. ಎಲ್ಲರೂ ಒಂದೇ ದಿನ ಒಂದೇ ಮೊತ್ತ ಕೊಟ್ಟ ರಸೀದಿಗಳನ್ನು ನಾನಂತೂ ನಂಬುವುದಿಲ್ಲ.

ಪ್ರಶ್ನೆ: ನಾವು ಅಮೆರಿಕದ ಒಂದು ಕನ್ನಡ ಕೂಟದವರು. ನಮ್ಮೂರ ಕಡೆಯ ಒಂದು ನಾಟಕ ಸಂಘಕ್ಕೆ ಪ್ರತಿವರ್ಷ ಸಹಾಯ ಮಾಡುವ ಆಸೆ. ಅವರು ಹಣ ಬೇಡ, ಕೇಸು ಬೀಳುತ್ತದೆ ಎಂದು ಹೆದರುತ್ತಾರೆ. ಬೆಂಗಳೂರಿನ ದೊಡ್ಡ ಟ್ರಸ್ಟ್ ಒಂದರ ಮೂಲಕ ಕಳಿಸಬಹುದೇ?
– ಕೂಟದ ಖಜಾಂಚಿ

ಉತ್ತರ: ಹೆದರಿದ್ದು ಸರಿಯಾಗಿಯೇ ಇದೆ. ಅಲ್ಲಿ ನೋಂದಾಯಿತವಾದ ನಿಮ್ಮ ಕೂಟ, ಸದಸ್ಯರೆಲ್ಲ ಕನ್ನಡಿಗರಾದರೂ, ನಮ್ಮ ಕಾನೂನಿಗೆ ವಿದೇಶಿ ಮೂಲ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ನಿಮ್ಮಿಂದ ನೂರು ರೂಪಾಯಿಯನ್ನೂ ಪಡೆಯುವಂತಿಲ್ಲ. ದೊಡ್ಡ ಟ್ರಸ್ಟಿನ ದಾರಿ 2020ರ ತಿದ್ದುಪಡಿಯೊಂದಿಗೆ ಮುಚ್ಚಿತು. ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಎರಡಕ್ಕೂ ನೋಂದಣಿ ಇದ್ದರೂ ಸಹ. ಅದೇ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು, ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕೆಂದಿತು. ಸ್ವಂತ ನೋಂದಣಿ ಮಾಡಿಸೋಣವೆಂದರೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ಮೂಲ ಉದ್ದೇಶಕ್ಕೆ 15 ಲಕ್ಷ ರೂ. ಖರ್ಚಾಗಿರಬೇಕು. ಹಳ್ಳಿಯ ನಾಟಕ ಸಂಘಕ್ಕೆ ಇದು ದೂರದ ಮಾತು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ತನ್ನ ‘ಜನಸ್ಪಂದನ’ ಯೋಜನೆಯನ್ನು ಫೋರ್ಡ್ ಫೌಂಡೇಶನ್ ನೆರವಿನಿಂದ ನಡೆಸಿತ್ತು. ಅಂಥದ್ದನ್ನು ಇಂದು ಒಂದು ಹಳ್ಳಿಯ ಸಂಘ ಮಾಡಹೊರಟರೆ ನಾಟಕಕ್ಕೆ ಮುಂಚೆ ಕಾಗದಪತ್ರದಲ್ಲೇ ಸುಸ್ತಾಗುತ್ತದೆ.

ಉಳಿದಿರುವ ನೇರ ದಾರಿ ಇದು. ನಿಮ್ಮಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿಯನ್ನು ಸಂಘದವರು ಇಟ್ಟುಕೊಳ್ಳಲಿ. ಅಮೆರಿಕದ ಪೌರತ್ವ ಪಡೆದವರ ಬಳಿ ಒಸಿಐ ಕಾರ್ಡ್ ಇದ್ದರೂ ಅವರ ದೇಣಿಗೆ ವಿದೇಶಿಯೇ. ಕೂಟದ ಹಣವನ್ನು ಇಂಥ ಒಬ್ಬ ಸದಸ್ಯರ ಖಾತೆಗೆ ಹಾಕಿ ಅಲ್ಲಿಂದ ಕಳಿಸುವ ಉಪಾಯ ನಿಮಗೂ ಹೊಳೆದಿರಬಹುದು, ಬೇಡ. ಅದರ ಬದಲು ತಂಡವನ್ನು ನಿಮ್ಮಲ್ಲಿಗೆ ಕರೆಸಿ ನಾಟಕ ಆಡಿಸಿ. ನಡೆದ ಪ್ರದರ್ಶನಕ್ಕೆ, ಬಿಲ್ಲು ಪಡೆದು, ವ್ಯಾವಹಾರಿಕವಾಗಿ ಕೊಡುವ ಶುಲ್ಕ ದೇಣಿಗೆಯಾಗುವುದಿಲ್ಲ.

ಪ್ರಶ್ನೆ: ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಸಂಗೀತ ಸಭೆಗೆ ಸಿಗುತ್ತದೆಯೇ?
– ಸಭೆಯ ಅಧ್ಯಕ್ಷರು, ಧಾರವಾಡ

ಉತ್ತರ: ಕಾನೂನಿನಲ್ಲಿ ಅಡ್ಡಿಯಿಲ್ಲ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಕಲೆ, ಸಂಸ್ಕೃತಿ ಇವೆ. ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ, ಸಿಎಸ್‌ಆರ್–1 ಸಂಖ್ಯೆ ಇಟ್ಟುಕೊಂಡು ಹೋಗಿ. ‘ಎಷ್ಟು ಫಲಾನುಭವಿಗಳು?’ ಎಂದು ಕೇಳುತ್ತಾರೆ. ಶಾಲೆಗಳಲ್ಲಿ ಕಛೇರಿ ನಡೆಸುವ ಯೋಜನೆ ಇದ್ದರೆ ಉತ್ತರ ಸಿಕ್ಕಂತೆ.

ಪ್ರಶ್ನೆ: ನಮ್ಮ ಹೊಸ ನಾಟಕದಲ್ಲಿ ಅಧಿಕಾರದಲ್ಲಿರುವವರ ಲೇವಡಿ ಇದೆ. ಹಿರಿಯರು ಆ ದೃಶ್ಯ ತೆಗೆಯಿರಿ, ಅನುದಾನ ನಿಂತೀತು ಎನ್ನುತ್ತಾರೆ. ಏನು ಮಾಡಲಿ?
– ಯುವ ನಿರ್ದೇಶಕಿ, ಮೈಸೂರು

ಉತ್ತರ: ಲೇವಡಿ ಮಾಡಿದರೆ ಹಣವಿಲ್ಲ ಎಂಬ ನಿಯಮ ಯಾವ ಯೋಜನೆಯಲ್ಲೂ ನನಗೆ ಕಂಡಿಲ್ಲ. ಅದರ ಅಗತ್ಯವೂ ಇಲ್ಲ. ಯಾರು ಸಮಿತಿಯಲ್ಲಿ ಕೂರುತ್ತಾರೆ ಎಂಬುದೇ ಸಾಕು. 2019ರಲ್ಲಿ ರಾಜ್ಯ ಸರ್ಕಾರ ಬದಲಾದಾಗ ಅಕಾಡೆಮಿಗಳ ನೇಮಕ ರದ್ದಾಯಿತು, ರಂಗಾಯಣಗಳ ನಿರ್ದೇಶಕರನ್ನು ಅವಧಿಗೆ ಮೊದಲೇ ಕೈಬಿಡಲಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಸರ್ಕಾರ ಬದಲಾಯಿತು. ಅಕಾಡೆಮಿಗಳಿಗೆ ಹೊಸ ಅಧ್ಯಕ್ಷರು ಬಂದದ್ದು 2024ರ ಮಾರ್ಚ್‌ನಲ್ಲಿ. ಪಕ್ಷ ಯಾವುದೇ ಇರಲಿ, ಅಧ್ಯಕ್ಷರಿಲ್ಲದ ಅಕಾಡೆಮಿಯಲ್ಲಿ ದಿನದ ಕಡತ ಓಡುತ್ತದೆ, ಹೊಸದಕ್ಕೆ ಯಾರೂ ಕೈಹಾಕುವುದಿಲ್ಲ. ಹಾಗಾಗಿ ಲೇವಡಿ ಇಲ್ಲದ ನಾಟಕಕ್ಕೂ ಹಣ ನಿಂತದ್ದುಂಟು.

ದೃಶ್ಯ ತೆಗೆಯಬೇಡಿ. ಈ ನಾಟಕಕ್ಕೆ ಸರ್ಕಾರದ ಹಣ ಕೇಳಬೇಡಿ, ಅಷ್ಟೇ. ತಂಡದ ಮಕ್ಕಳ ಶಿಬಿರಕ್ಕೆ ಕೇಳಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಸರ್ಕಾರೇತರ ಸಂಸ್ಥೆಗಳ ಅನುದಾನದ ಪ್ರಕಟಣೆಗಳನ್ನೂ ಗಮನಿಸುತ್ತಿರಿ.

ಪ್ರಶ್ನೆ: ನಾಟಕಕ್ಕೆ ಟಿಕೆಟ್ ಇಟ್ಟರೆ ತೆರಿಗೆ ವಿನಾಯಿತಿ ಹೋಗುತ್ತದೆಯೇ? ಜಿಎಸ್‌ಟಿ ಕಟ್ಟಬೇಕೇ?
– ಟ್ರಸ್ಟಿ, ತುಮಕೂರು

ಉತ್ತರ: ನಾಟಕ, ನೃತ್ಯ, ಸಂಗೀತ ಕಾರ್ಯಕ್ರಮಗಳಿಗೆ ತಲಾ 500 ರೂ.ವರೆಗಿನ ಪ್ರವೇಶಧನಕ್ಕೆ ಜಿಎಸ್‌ಟಿ ಇಲ್ಲ. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಕಲಾವಿದರಿಗೆ ಒಂದು ಪ್ರದರ್ಶನಕ್ಕೆ 1.5 ಲಕ್ಷ ರೂ.ವರೆಗಿನ ಸಂಭಾವನೆಗೂ ಇಲ್ಲ. ನಮ್ಮ ಹೆಚ್ಚಿನ ತಂಡಗಳು ಈ ಎರಡು ಗಡಿಗಳ ಬಹಳ ಈಚೆಗಿವೆ.

ಆದಾಯ ತೆರಿಗೆಯಲ್ಲಿ ಎಚ್ಚರ ಬೇಕು. ನಿಮ್ಮ ಟ್ರಸ್ಟ್ ‘ಸಾರ್ವಜನಿಕ ಉಪಯುಕ್ತತೆ’ಯ ವರ್ಗಕ್ಕೆ ಸೇರಿದರೆ ವ್ಯಾಪಾರ ಸ್ವರೂಪದ ಆದಾಯ ವರ್ಷದ ಒಟ್ಟು ಸ್ವೀಕೃತಿಯ ಶೇ 20 ದಾಟಬಾರದು. ನೃತ್ಯ ತರಗತಿ ನಡೆಸುತ್ತೇವೆ, ನಮ್ಮದು ಶಿಕ್ಷಣ ಸಂಸ್ಥೆ ಎಂದು ವಾದಿಸುವುದು ಈಗ ಕಷ್ಟ; 2022ರಲ್ಲಿ ಸುಪ್ರೀಂ ಕೋರ್ಟ್ ‘ಶಿಕ್ಷಣ’ದ ವ್ಯಾಪ್ತಿಯನ್ನು ಕ್ರಮಬದ್ಧ ಶಾಲಾ ಕಲಿಕೆಗೆ ಬಿಗಿಗೊಳಿಸಿದೆ. ಟಿಕೆಟ್, ರಂಗಮಂದಿರ ಬಾಡಿಗೆ, ಸ್ಮರಣ ಸಂಚಿಕೆಯ ಜಾಹೀರಾತು ಮೂರನ್ನೂ ಕೂಡಿಸಿ ಪ್ರತಿ ಡಿಸೆಂಬರಿನಲ್ಲಿ ಒಮ್ಮೆ ಈ ಪ್ರಮಾಣ ನೋಡಿಕೊಳ್ಳಿ. ಮಾರ್ಚಿನಲ್ಲಿ ನೋಡಿದರೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ. ಟಿಕೆಟ್ ಪುಸ್ತಕಕ್ಕೆ ಕ್ರಮಸಂಖ್ಯೆ ಹಾಕಿಸಿ, ಮಾರಾಟವಾಗದ ಟಿಕೆಟ್ಟುಗಳನ್ನೂ ಎಸೆಯದೆ ಕಟ್ಟಿಡಿ. ಲೆಕ್ಕ ನೋಡುವಾಗ ನಾನು ಮೊದಲು ಕೇಳುವುದು ಅವನ್ನೇ.