ಸೋಡಿ ಬಿಡುವ ಪುಸ್ತಕದಂಗಡಿ

ಹೊಸ ಬಡಾವಣೆಗೆ ಬಂದ ವಿದ್ಯಾರ್ಥಿಯು ಮೊದಲು ಹುಡುಕುವುದು ಊಟದ ಮನೆಯನ್ನು. ಅನಂತರ ಹುಡುಕಬೇಕಾದುದು ಸೋಡಿ ಬಿಡುವ ಪುಸ್ತಕದಂಗಡಿಯನ್ನು. ಈ ಸೋಡಿಯ ಮೂಲವೇನು? ಪ್ರಕಾಶಕನು ಮುದ್ರಿತ ಬೆಲೆಗಿಂತ ಕಡಿಮೆಗೆ ವ್ಯಾಪಾರಿಗೆ ಪುಸ್ತಕ ಕೊಡುತ್ತಾನೆ. ಅಂಗಡಿಯ ಬಾಡಿಗೆ, ಸಂಬಳ, ಲಾಭಗಳೆಲ್ಲ ಆ ಅಂತರದಲ್ಲಿಯೇ ಅಡಗಿವೆ. ಅದರಲ್ಲೊಂದು ಪಾಲನ್ನು ಓದುಗನಿಗೆ ಬಿಟ್ಟುಕೊಡುವುದೇ ಸೋಡಿ. 200 ರೂಪಾಯಿಯ ಪುಸ್ತಕಕ್ಕೆ ಶೇಕಡಾ 20 ಬಿಟ್ಟರೆ 40 ರೂಪಾಯಿ ಉಳಿಯಿತು; ಅಂಥ ಐದು ಕೊಂಡವನ ಕೈಯಲ್ಲಿ ಆರನೆಯದರ ಬೆಲೆಯೇ ಉಳಿದಂತಾಯಿತು.

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬಳಿ 2009ರವರೆಗೆ ಟಿ. ಎಸ್. ಶಾನಭಾಗರು ನಡೆಸಿದ ಪ್ರೀಮಿಯರ್ ಪುಸ್ತಕದಂಗಡಿ ಇದಕ್ಕೆ ಉತ್ತಮ ನಿದರ್ಶನ. ಇಕ್ಕಟ್ಟಾದ ಜಾಗ, ಚಾವಣಿ ಮುಟ್ಟುವ ರಾಶಿ. ಆದರೂ ಕೇಳಿದ ಪುಸ್ತಕವನ್ನು ಅವರು ಥಟ್ಟನೆ ತೆಗೆದು, ಸೋಡಿಯನ್ನೂ ಕೊಡುತ್ತಿದ್ದರು.

ಅಂತರಜಾಲದಲ್ಲಿ ಇನ್ನೂ ಅಗ್ಗವಾಗಿ ಸಿಕ್ಕೀತೆಂಬ ಆಕ್ಷೇಪವುಂಟು. ನಿಜವಿರಬಹುದು. ಆದರೆ ಅಲ್ಲಿ ನಾವು ಬಹುಮಟ್ಟಿಗೆ ಹುಡುಕುವುದು ಹೆಸರು ಬಲ್ಲ ಪುಸ್ತಕವನ್ನು. ಹೆಸರೇ ಕೇಳದ ಪುಸ್ತಕ ಕೈಗೆ ತಗಲುವುದು ಅಂಗಡಿಯ ಕಪಾಟಿನಲ್ಲಿ. ಮನೆಯಲ್ಲಿ ಓದಿದವರಿಲ್ಲದ ನಮ್ಮಂಥವರಿಗೆ ಇದನ್ನೋದು ಎನ್ನುವವರಾರು? ಆ ಕಪಾಟೇ ನಮಗೆ ಹಿರಿಯಣ್ಣ. ಅಲ್ಲಿ ಪುಟ ತಿರುವಿ ನೋಡಿ, ಬೇರೆಡೆಯಿಂದ ತರಿಸಿಕೊಳ್ಳುವುದು ಸಲ್ಲದು. ಕೊಳ್ಳುವವರಿದ್ದರೆ ಮಾತ್ರ ಅಂಗಡಿ ಉಳಿದೀತು. ತಿಂಗಳಿಗೊಂದು ಪುಸ್ತಕವನ್ನಾದರೂ ಅಲ್ಲಿಯೇ ಕೊಳ್ಳೋಣ.